ತೂಕ ತಪ್ಪಿದ ಮೇಷ್ಟ್ರು

ಸರಗೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿದ್ದ ವೀರಭದ್ರಸ್ವಾಮಿ ಮೇಷ್ಟ್ರಿಗೆ, ತಮ್ಮಷ್ಟು ಬುದ್ಧಿವಂತರು ತಾಲ್ಲೂಕಿನಲ್ಲೇ ಇಲ್ಲವೇನೋ ಎಂಬ ಗುಮಾನಿಯಿತ್ತು. ಅದು ಇಳಿದದ್ದು ಬಷೀರಾಬಿಯ ಸುಣ್ಣದ ಗೂಡಿನ ಮುಂದೆ.

ಹೊಸ ಮನೆಗೆ ಪೇಂಟ್ ಬೇಡ, ಸುಣ್ಣವೇ ಆಗಬೇಕೆಂದು ಹಟ ಹಿಡಿದ ಮೇಷ್ಟ್ರು, ಹೊಳೆದಂಡೆಯಲ್ಲಿ ಆರಿಸಿದ ಹತ್ತು ಕೆಜಿ ಕಪ್ಪೆಚಿಪ್ಪನ್ನು ಸುಡಲು ಕೊಟ್ಟಿದ್ದರು. ಅಲ್ಲಿಯ ಪದ್ಧತಿ ಹಾಗೆ, ಯಾರ ಚಿಪ್ಪೋ ಅವರಿಗೇ ಸುಣ್ಣ. ಮಾರನೆಯ ದಿನ ಬಷೀರಾಬಿ, ಇನ್ನೂ ನೀರು ಸೋಕಿಸದ ಸುಟ್ಟ ಸುಣ್ಣವನ್ನು ತಕ್ಕಡಿಗೆ ಹಾಕಿದರು. ಐದೂವರೆ ಕೆಜಿ.

"ಉಳಿದ ನಾಲ್ಕೂವರೆ ಎಲ್ಲಮ್ಮ?"

"ಚಿಪ್ಪು ಬೆಂದ್ರೆ ಬರೋದು ಅಷ್ಟೇ ಕಣ್ ಸಾ."

"ನನಗೇ ಪಾಠ ಹೇಳ್ಬೇಡಿ. ವಸ್ತು ಹುಟ್ಟೋದೂ ಇಲ್ಲ, ನಾಶ ಆಗೋದೂ ಇಲ್ಲ. ಗೂಡಲ್ಲಿಲ್ಲ ಅಂದ್ರೆ ನಿಮ್ಮನೇಲಿರುತ್ತೆ!"

ಸುತ್ತ ಐದು ಜನ ಗಿರಾಕಿಗಳಿದ್ದರು. ನಲವತ್ತು ವರ್ಷ ತಕ್ಕಡಿ ಹಿಡಿದ ಬಷೀರಾಬಿ ಇಂಥ ಮಾತು ಕೇಳಿದ್ದು ಅದೇ ಮೊದಲು. ಕೋಟೆಗೆ ಹೋಗುವ ಬಸ್ಸು ಬಂತೆಂದು ಮೂವರು ಇಷ್ಟು ಕೇಳಿಕೊಂಡೇ ಓಡಿದರು.

ಬಷೀರಾಬಿಯ ಮೊಮ್ಮಗಳು ಮಹೆಕ್ ಮೇಷ್ಟ್ರ ಹತ್ತನೇ ಕ್ಲಾಸಿನವಳು. ಒಳಗೆ ಹೋಗಿ ತನ್ನ ಉತ್ತರಪತ್ರಿಕೆ ತಂದು ಕೈಗಿಟ್ಟಳು. ಊರಿಗೆ ಒಗ್ಗುವ ಪ್ರಶ್ನೆಯಿರಲೆಂದು, ಹತ್ತು ಕೆಜಿ ಚಿಪ್ಪು ಸುಟ್ಟರೆ ಸುಣ್ಣವೆಷ್ಟು ಎಂದು ಕೇಳಿದ್ದವರು ಮೇಷ್ಟ್ರೇ. 'ಸುಮಾರು ಐದೂವರೆ ಕೆಜಿ. ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದನ್ನೂ ಹಿಡಿದು ತೂಗಿದರೆ ಲೆಕ್ಕ ಸರಿಹೋಗುತ್ತದೆ.' ಪಕ್ಕದಲ್ಲಿ ಮೇಷ್ಟ್ರದೇ ಕೆಂಪು ಇಂಕಿನ ರೈಟು, ವೆರಿ ಗುಡ್.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೇಷ್ಟ್ರು ಮನಸ್ಸಿನಲ್ಲೇ ತಮಗೊಂದು ದುಂಡನೆಯ ಸೊನ್ನೆ ಹಾಕಿಕೊಂಡರು.

"ತಪ್ಪಾಯ್ತಮ್ಮ."

ಬಷೀರಾಬಿ ಸುಣ್ಣವನ್ನು ಚೀಲಕ್ಕೆ ಸುರಿದರು. "ಚಿಪ್ಪಿಂದು ಗಾಳಿಗೋಯ್ತು ಸಾ. ನೀವಂದಿದ್ದು ಬಸ್ ಅತ್ಕೊಂಡೋಯ್ತಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಹೋಗುವುದೆಲ್ಲಿಗೆ? ಭಾನುವಾರ ಮೇಷ್ಟ್ರು ಸ್ಕೂಟರ್ ಹತ್ತಿ, ಆ ಮೂವರ ಊರು ಹುಡುಕಿಕೊಂಡು ಹೊರಟರು. ಆಕೆಯ ತೂಕ ಸರಿ, ನಾನೇ ದಡ್ಡ ಎಂದು ಒಪ್ಪಿಸಿದರು. ಇಬ್ಬರು ನಕ್ಕು ಕಳಿಸಿದರು. ಮೂರನೆಯವರು ದೊಡ್ಡಬೀರಯ್ಯ. ಕೂರಿಸಿ ಕಾಫಿ ಕೊಟ್ಟರು.

"ನೀವು ಬಂದು ಯೋಳಿದ್ದು ಒಳ್ಳೇದಾಯ್ತು ಬುಡಿ ಸಾ. ಆದ್ರೆ ಆವಮ್ಮ ತೂಕದಲ್ಲಿ ಮೋಸ ಮಾಡ್ತದೆ ಅಂತ ನಾನು ಸಂತೇಲೆಲ್ಲಾ ಯೋಳ್ಬುಟ್ನಲ್ಲ."

"ಎಷ್ಟು ಜನಕ್ಕೆ?"

"ಅದ್ನ ಯಾರು ತೂಗವ್ರೆ ಸಾ?"

ಮೇಷ್ಟ್ರು ಲೋಟ ಕೆಳಗಿಟ್ಟು, ಮುಂದಿನ ಸಂತೆ ಯಾವತ್ತು ಎಂದು ಕೇಳಿದರು.