ಟೋಪಿಯೊಳಗಿನ ಮೊಟ್ಟೆ

ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಬುಟ್ಟಿಯಿಂದ ಇಳಿದು ಹೋಗಿತ್ತು. ಒಂದು ಮೊಟ್ಟೆ ಉಳಿದಿತ್ತು. ಎಸೆಯಲೆಂದು ಕೈಗೆತ್ತಿಕೊಂಡೆ. ಒಳಗಿನಿಂದ ಸಣ್ಣಗೆ ಚಿಂವ್ ಎಂದಿತು. ಚಿಪ್ಪಿನಲ್ಲಿ ಜೋಳದ ಕಾಳಿನಷ್ಟು ತೂತು. ಅದರಾಚೆ ಕೊಕ್ಕಿನ ತುದಿ.

ಮತ್ತೆ ಕೋಳಿಯ ಕೆಳಗಿಟ್ಟರೆ ಕುಕ್ಕಿ ಹೊರದೂಡಿತು. ನಮ್ಮ ಬೆಟ್ಟದೂರು ನಾರಿನ್‌ನಲ್ಲಿ ವಸಂತ ಬಂದರೂ ಹಿಮ ನಿಲ್ಲುವುದಿಲ್ಲ. ಬೆಳಗಿನಿಂದ ಕರೆಂಟಿರಲಿಲ್ಲ, ಮರಿಗಳ ಪೆಟ್ಟಿಗೆಯ ಮೇಲೆ ಕಾವಿಗೆಂದು ಹಾಕಿದ್ದ ಬಲ್ಬು ಆರಿತ್ತು. ಮೊಟ್ಟೆ ಅಂಗೈಯಲ್ಲೇ ತಣ್ಣಗಾಗುತ್ತಿತ್ತು. ಗೋಡೆಯ ಮೊಳೆಯಲ್ಲಿ ನನ್ನ ಗಂಡ ಮೆಲಿಸ್‌ನ ಕಲ್ಪಾಕ್ ಕಂಡಿತು. ದಪ್ಪ ಬಿಳಿ ಉಣ್ಣೆಯ ಎತ್ತರದ ಟೋಪಿ. ಅವನು ಸತ್ತ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ತೆಗೆದು ತಲೆಕೆಳಗು ಮಾಡಿ, ಮೊಟ್ಟೆಯನ್ನು ಒಳಗಿಟ್ಟು, ಒಲೆಯ ಪಕ್ಕ ನೆಲದ ಮೇಲಿಟ್ಟೆ. ಕೊಕ್ಕು ಅಲುಗಾಡುವುದು ನಿಂತಿತ್ತು. ಸತ್ತಿತೋ, ಸುಸ್ತಾಯಿತೋ? ನಾನು ಕಾಲೇಜಿನಲ್ಲಿ ಓದಿದ್ದು ಕಲ್ಲುಗಳ ಬಗ್ಗೆ. ಮೆಲಿಸ್‌ನ ವರ್ಷದ ಊಟ ಮುಗಿದಿತ್ತು. ಇನ್ನು ತವರಿಗೆ ಹೋಗಬಹುದು, ಇಲ್ಲೇ ಇರಬಹುದು. ಎರಡೂ ಒಂದೇ ಆಗಿತ್ತು ನನಗೆ. ಆದರೆ ಇದೊಂದು ಗೊತ್ತಾಗಬೇಕಿತ್ತು.

ಅತ್ತೆ ಪಕ್ಕದ ಮನೆಯಿಂದ ಬಂದು ಬಾಗಿಲಲ್ಲೇ ನಿಂತರು.

“ಕಲ್ಪಾಕ್ ನೆಲದ ಮೇಲಿಟ್ಟಿದೀಯಾ?”

ಆಗಲೇ ನನಗೆ ಅರಿವಾದದ್ದು. ನಮ್ಮಲ್ಲಿ ಮಗು ಕೂಡ ಮಾಡದ ತಪ್ಪು.

“ಅಪಾ, ಒಳಗೆ ಮರಿ ಇದೆ,” ಎಂದೆ. ಅತ್ತೆಯನ್ನೂ ನಾವು ಅಪಾ, ಅಮ್ಮ ಎಂದೇ ಕರೆಯುವುದು.

ಅವರು ಬಗ್ಗಿ ನೋಡಿದರು. ಕಲ್ಪಾಕನ್ನು ಎರಡೂ ಕೈಯಲ್ಲಿ ಎತ್ತಿದರು. ಮೊಟ್ಟೆ ತೆಗೆದು ಮೊಳೆಗೆ ಹಾಕುತ್ತಾರೆಂದುಕೊಂಡೆ. ಅವರು ಒಲೆಯ ಮುಂದೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡರು.

“ನೆಲಕ್ಕಿಡೋ ಹಾಗಿಲ್ಲ. ಹಿಡ್ಕೊಂಡೇ ಕೂರ್ಬೇಕು. ಬಿಡಿಸೋಣ್ವಾ ಚಿಪ್ಪನ್ನ?”

“ಗೊತ್ತಿಲ್ಲ ಅಪಾ. ರಕ್ತ ಬಂದ್ರೆ?”

“ನಂಗೂ ಗೊತ್ತಿಲ್ಲ. ನಮ್ಮಪ್ಪಂಗೆ ಇದ್ದಿದ್ದು ಕುರಿ.”

ಸರದಿಯಲ್ಲಿ ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಟಕ್ ಕೇಳಿಸಿತು. ಇಬ್ಬರೂ ಒಟ್ಟಿಗೆ ಬಗ್ಗಿ ತಲೆಗೆ ತಲೆ ತಾಗಿಸಿಕೊಂಡೆವು.

“ಈ ಟೋಪಿಯೊಳಗೆ ಮೆಲಿಸ್ ಏನೇನಕ್ಕೋ ಕಾವು ಕೊಟ್ಟ,” ಎಂದರು ಅತ್ತೆ. “ಮೀನಿನ ಕೊಳ ಅಂದ. ಜೇನುಪೆಟ್ಟಿಗೆ ಅಂದ. ಒಂದೂ ಮರಿಯಾಗ್ಲಿಲ್ಲ.”

ನನಗೆ ನಗು ಬಂತು. ಅವರು ನನ್ನತ್ತ ನೋಡಲಿಲ್ಲ.

ಬಿರುಕು ನಿಧಾನವಾಗಿ ಚಿಪ್ಪನ್ನು ಸುತ್ತಿ ಬಂತು. ನಡುನಡುವೆ ನಿಲ್ಲುತ್ತಿತ್ತು, ಪ್ರತಿ ಸಲವೂ ನಾವು ಬಗ್ಗಿ ಕಿವಿಗೊಡುತ್ತಿದ್ದೆವು. ಕರೆಂಟು ಬಂದದ್ದನ್ನು ಗಮನಿಸಲಿಲ್ಲ. ಸಂಜೆ ಹೊತ್ತಿಗೆ ಮುಚ್ಚಳ ಕಳಚಿ, ಒದ್ದೆಯಾದ, ಕುರೂಪಿ ಮರಿಯೊಂದು ಉಣ್ಣೆಯ ಮೇಲೆ ಉರುಳಿ ಬಿತ್ತು. ಕಾಲು ಚಾಚಿತು. ಅರಚಿತು.

“ಹೇಟೆಯೋ, ಹುಂಜವೋ?” ಅತ್ತೆ ಕೇಳಿದರು.

“ಈಗಲೇ ಹೇಗೆ ಗೊತ್ತಾಗತ್ತೆ ಅಪಾ? ಜುಟ್ಟು ಬರ್ಲಿ. ಬೇಸಿಗೆ ತನಕ ನೋಡ್ಬೇಕು.”

ಅವರು ಕಲ್ಪಾಕಿನ ಒಳಗಂಟಿದ್ದ ಚಿಪ್ಪಿನ ಚೂರುಗಳನ್ನು ಉಗುರಿನಿಂದ ಆರಿಸುತ್ತಿದ್ದರು.

“ಇದ್ದು ನೋಡ್ತೀಯಾ?”

“ನೋಡ್ತೀನಿ,” ಎಂದೆ.