ನನ್ನ ಹೆಸರಿನ ಎಲೆ

ವೇಣೂರಿನ ಆಚೆ, ಹೊಳೆಬದಿಯ ಗದ್ದೆಯಲ್ಲಿ ಸಿಡುಬಿನವರಿಗೆಂದು ತೆಂಗಿನ ಮಡಲಿನ ಶೆಡ್ಡು ಹಾಕಿದ್ದರು. ಸುತ್ತ ಹಗ್ಗ ಕಟ್ಟಿತ್ತು. ಮನೆಯವರು ಹಗ್ಗದಾಚೆಗೇ ನಿಲ್ಲಬೇಕೆಂದು ಡಾಕ್ಟರರ ಕಟ್ಟಪ್ಪಣೆ. ನನ್ನನ್ನು ಅಲ್ಲಿಗೆ ಒಯ್ಯುವಾಗ ಮಗಳು ಸ್ವರ್ಣಲತಾ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳಿಗೆ ಸಿಡುಬು ಬಾರದಂತೆ ದಾಕು ಹಾಕಿಸಿದ್ದೆ, ನಾನು ಹಾಕಿಸಿಕೊಂಡಿರಲಿಲ್ಲ. ತೋಳು ಊದಿಸಿಕೊಂಡು ಕೂರಲು ಮನೆಯ ಹೆಂಗಸಿಗೆ ಪುರುಸೊತ್ತು ಎಲ್ಲಿ? ಬೇಗ ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ. ನನ್ನನ್ನು ಉಳಿಸಿದ್ದು ಆ ಮಾತೊಂದೇ ಎಂದು ಈಗಲೂ ನಂಬುತ್ತೇನೆ.

ಶೆಡ್ಡಿನಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಬೀಪಾತುಮ್ಮ. ಅವಳಿಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಹೋಗಿತ್ತು, ಹಾಗಾಗಿ ಹೆದರಿಕೆ ಇರಲಿಲ್ಲ. ಪಕ್ಕದ ಚಾಪೆಯವರು ಒಬ್ಬೊಬ್ಬರೇ ಹೋದರು. ಸತ್ತವರನ್ನು ಮನೆಗೆ ಕೊಡದೆ ಹಿಂದಿನ ಗುಡ್ಡದಲ್ಲೇ ಹುಗಿಯುತ್ತಿದ್ದರು. ನನ್ನ ಮೈಯ ಹಕ್ಕಳೆಯೆಲ್ಲ ಉದುರಿದ ಮೇಲೆ ಬೀಪಾತುಮ್ಮ ನನ್ನನ್ನು ಬೇರೆ ಗುಡಿಸಲಿಗೆ ದಾಟಿಸಿ, ನನ್ನ ಕೆಂಪಂಚಿನ ಸೀರೆ, ಚಾಪೆ ಎಲ್ಲವನ್ನೂ ಕೋಲಿನಿಂದ ಎಳೆದು ತಂದು ಸೀಮೆಣ್ಣೆ ಹೊಯ್ದು ಸುಟ್ಟಳು. ರೋಗ ಬಟ್ಟೆಯಲ್ಲಿ ಕೂತು ಮನೆಗೆ ಬರಬಾರದಲ್ಲ.

ಅದನ್ನು ಹಗ್ಗದಾಚೆಯಿಂದ ಗಂಡನ ಸೋದರಮಾವ ಮುಂಡಪ್ಪ ನೋಡಿದರು. ನಮ್ಮಲ್ಲಿ ಸುಡುವುದು ಸತ್ತವರ ಚಾಪೆಯನ್ನು. ಒಂದು ಮಾತು ಕೇಳಿದ್ದರೆ ಅವರ ಬಾಯಿಂದ ಮುತ್ತು ಉದುರುತ್ತಿತ್ತೇ? ಆದರೆ ಮಾರಿ ಕೂತ ಜಾಗದಲ್ಲಿ ಯಾರ ಹೆಸರನ್ನೂ ಕೂಗಬಾರದೆಂದು ಹಿರಿಯರ ಮಾತು. ಅವರು ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿ ಮನೆಗೆ ನಡೆದರು. ಮನೆಯಲ್ಲಿ ಅತ್ತರು, ಆಮೇಲೆ ನನ್ನ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ದಿನ ಗೊತ್ತು ಮಾಡಿದರು.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಬಿಡುಗಡೆಯ ದಿನ ಉಡಲು ಬಿಳಿ ಸೀರೆ ಕೊಟ್ಟರು. ಬಸ್ಸಿನಲ್ಲಿ ನನ್ನ ಹತ್ತಿರ ಯಾರೂ ಕೂರಲಿಲ್ಲ. ಮೀಯದೆ ಮನೆಯೊಳಗೆ ಹೋಗಬೇಡ ಎಂದು ಬೀಪಾತುಮ್ಮ ಹೇಳಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಿತ್ತಿಲಿನಿಂದಲೇ ಬಂದು ಬಚ್ಚಲಲ್ಲಿ ಮಿಂದು, ಒದ್ದೆ ಕೂದಲಲ್ಲಿ ಅಡುಗೆಮನೆಗೆ ಕಾಲಿಟ್ಟೆ. ಒಂದು ನರಪಿಳ್ಳೆಯೂ ಇರಲಿಲ್ಲ. ಒಳಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಚಾವಡಿ ಕಡೆಯ ಬಾಗಿಲು ಮುಚ್ಚಿತ್ತು. ಬಾಳೆಲೆ ತುಂಬ ಅನ್ನ, ರೊಟ್ಟಿ, ಕೋಳಿ ಸಾರು. ಪಕ್ಕದಲ್ಲಿ ನನ್ನ ನೀಲಿ ಸೀರೆ. ನಾನು ಬರುವ ಸುದ್ದಿ ಮುಟ್ಟಿರಬೇಕು ಅಂದುಕೊಂಡೆ. ಅತ್ತೆಗೆ ನನ್ನ ಮೇಲೆ ಇಷ್ಟು ಪ್ರೀತಿ ಉಂಟೆಂದು ಗೊತ್ತೇ ಇರಲಿಲ್ಲ. ಕಣ್ಣು ತುಂಬಿತು. ಕೂತು ಉಂಡೆ.

ಅರ್ಧ ಉಂಡ ಮೇಲೆ ಎಲೆಯ ತುದಿ ಬಲಕ್ಕಿರುವುದು ಕಂಡಿತು. ಸತ್ತವರಿಗೆ ಹಾಗೆ ಹಾಕುವುದು. ಕುಲೆಗೆ, ಅಂದರೆ ಸತ್ತವರ ಜೀವಕ್ಕೆ, ಬಡಿಸಿದ ಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಯಬೇಕು. ಕುಲೆ ಉಣ್ಣುವುದನ್ನು ಯಾರೂ ನೋಡಬಾರದು. ಆಮೇಲೆ ಮೂರು ಸಲ ಬಡಿದು ಬಾಗಿಲು ತೆಗೆಯುವುದು.

ಮೂರು ಸಲ ಬಡಿದರು.

ಬಾಗಿಲು ತೆಗೆದ ಅತ್ತೆ ಹೊಸ್ತಿಲಲ್ಲೇ ಕುಸಿದರು. ಗಂಡ ಭೋಜ ಕೈಮುಗಿದು ಹಿಂದೆ ಸರಿದರು. ಹೆಂಡತಿಗೆ ಗಂಡ ಕೈಮುಗಿಯುವುದನ್ನು ನಾನು ಕಂಡದ್ದು ಅಂದೇ.

"ನಾನು ಸಾಯ್ಲಿಲ್ಲ. ಮುಟ್ಟಿ ನೋಡಿ" ಅಂದೆ.

ಯಾರೂ ಮುಟ್ಟಲಿಲ್ಲ. ಅವರ ಕಾಲುಗಳ ನಡುವಿನಿಂದ ಸ್ವರ್ಣ ನುಸುಳಿ ಬಂದಳು. ಎಂಜಲು ಕೈಯನ್ನೇ ಚಾಚಿದೆ. ಅವಳು ಎಲೆ ನೋಡಿದಳು, ಕಲೆ ತುಂಬಿದ ನನ್ನ ಮುಖ ನೋಡಿದಳು. ಹಿಂದೆ ಸರಿದು ಬಾಗಿಲಿಗೆ ಕೈ ಹಾಕಿದಳು.

"ಅಮ್ಮ ಉಣ್ತಾ ಇದ್ದಾಳೆ. ಯಾರೂ ನೋಡ್ಬೇಡಿ. ನೋಡಿದ್ರೆ ಹೋಗ್ತಾಳೆ" ಎಂದು ಬಾಗಿಲು ಎಳೆದುಕೊಂಡಳು.

ಮರುದಿನ ಬೀಪಾತುಮ್ಮನನ್ನೇ ಕರೆಸಿ ಕೇಳಿದ ಮೇಲೆ ದೊಡ್ಡವರೆಲ್ಲ ನಂಬಿದರು. ಮುಂಡಪ್ಪ ಮಾವ ನನ್ನ ಮುಖ ನೋಡಿ ಮಾತಾಡಲು ಒಂದು ಮಳೆಗಾಲ ಕಳೆಯಿತು. ಸ್ವರ್ಣ ಈಗ ಮೂಡಬಿದ್ರಿಗೆ ಹೈಸ್ಕೂಲಿಗೆ ಹೋಗುತ್ತಾಳೆ. ಸಿಡುಬು ಹೇಗೆ ಹರಡುತ್ತದೆಂದು ಪಾಠದಲ್ಲಿ ಓದಿದ್ದಾಳೆ, ನನಗೇ ವಿವರಿಸುತ್ತಾಳೆ. ಆದರೂ ನನಗೆ ಬಡಿಸಿದ ಮೇಲೆ ಹೊರಗೆ ಹೋಗಿ ಬಾಗಿಲು ಎಳೆಯುತ್ತಾಳೆ. ಮೊದಮೊದಲು ಗದರಿದೆ, ಕಣ್ಣೀರು ಹಾಕಿದೆ. ಈಗ ಏನೂ ಹೇಳುವುದಿಲ್ಲ. ಉಂಡು ಮುಗಿಸಿ, ಒಳಗಿನಿಂದ ನಾನೇ ಮೂರು ಸಲ ಬಡಿಯುತ್ತೇನೆ.