ಈರಮ್ಮನ ಪಾತ್ರ

ಸುಂಕಲಮ್ಮ ಕುರುಗೋಡಿನಲ್ಲಿ ಬೆಳಗಿನ ಬಸ್ಸು ಹತ್ತಿ ಬಳ್ಳಾರಿಗೆ ಹೋಗುತ್ತಿದ್ದದ್ದು ತನಗೆ ಕ್ಯಾನ್ಸರ್ ಆಗಿದೆ ಎಂದು ಹೇಳಿಸಿಕೊಳ್ಳುವುದಕ್ಕೆ. ಓಣಿಯವರು ಕೇಳಿದರೆ ಡಾಕ್ಟರ್ ಕಾಲೇಜಿನಲ್ಲಿ ಒಂದಿಷ್ಟು ಕೆಲಸವಿದೆ ಎಂದಷ್ಟೇ ಹೇಳುತ್ತಿದ್ದಳು. ಬಿಡಿಸಿ ಹೇಳಲು ಹೋದರೆ ಅವರು ನಗುತ್ತಿದ್ದರೋ, ಅಪಶಕುನ ಎಂದು ಬಾಯಿ ಮುಚ್ಚಿಸುತ್ತಿದ್ದರೋ ಯಾರಿಗೆ ಗೊತ್ತು.

ಆ ಕೆಲಸ ಕೊಡಿಸಿದವರು ಡಾಕ್ಟರ್ ಚಿದಾನಂದಪ್ಪ. ರೋಗಿಯ ಮೈ ಮುಟ್ಟುವ ಮೊದಲು ಹೇಗೆ ಕೇಳಬೇಕು, ಅವರು ಹೇಳಿದ ಗುಟ್ಟನ್ನು ಹೇಗೆ ಕಾಯಬೇಕು, ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕು ಎಂಬುದನ್ನು ಅವರು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ಕೆಟ್ಟ ಸುದ್ದಿ ಹೇಳುವುದನ್ನು ನಿಜವಾದ ರೋಗಿಯ ಮೇಲೆ ಪ್ರಯೋಗ ಮಾಡಿ ಕಲಿಯಲಾಗುವುದಿಲ್ಲ. ಹಾಗಾಗಿ ರೋಗಿಯಂತೆ ನಟಿಸಬಲ್ಲವರು ಬೇಕಾಗಿದ್ದರು. ತಮ್ಮ ಹರೆಯದಲ್ಲಿ ಸಿರುಗುಪ್ಪದಲ್ಲಿ ನಾಟಕದ ಕಂಪನಿ ಕ್ಯಾಂಪ್ ಹಾಕಿದ್ದಾಗ ಅತ್ತೆಯ ಪಾತ್ರದಲ್ಲಿ ಜನರನ್ನು ಅಳಿಸಿದ್ದ ಒಬ್ಬ ನಟಿ ಅವರಿಗೆ ನೆನಪಾದಳು. ವಿಚಾರಿಸುತ್ತ ಬಂದು ಕುರುಗೋಡಿನ ಒಂದು ಬಾಡಿಗೆ ಕೋಣೆಯಲ್ಲಿ ಸುಂಕಲಮ್ಮನನ್ನು ಕಂಡರು. ಕಂಪನಿ ಮುಚ್ಚಿ ಬಹಳ ವರ್ಷಗಳಾಗಿದ್ದವು. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು.

ಕಾಲೇಜಿನಲ್ಲಿ ಅವಳ ಪಾತ್ರದ ಹೆಸರು ಈರಮ್ಮ. ರೂಪನಗುಡಿಯ ರೈತ ಹೆಂಗಸು, ಎದೆಯಲ್ಲಿ ಗಂಟು, ರಿಪೋರ್ಟ್ ಬಂದಿದೆ. ಒಬ್ಬ ವಿದ್ಯಾರ್ಥಿ ಎದುರಿಗೆ ಕುಳಿತು ಸುದ್ದಿ ಹೇಳಬೇಕು, ಉಳಿದವರು ಹಿಂದೆ ಬೆಂಚುಗಳಲ್ಲಿ ಕುಳಿತು ನೋಡಬೇಕು. ಸುಂಕಲಮ್ಮ ಒಬ್ಬರ ಮುಂದೆ ಅಳುತ್ತಿದ್ದಳು, ಇನ್ನೊಬ್ಬರ ಮೇಲೆ ಸಿಟ್ಟಾಗುತ್ತಿದ್ದಳು, ಮತ್ತೊಬ್ಬರ ಮುಂದೆ ಕಿವಿಯೇ ಕೇಳದವಳಂತೆ ಸೆರಗಿನ ಅಂಚನ್ನು ಸುತ್ತುತ್ತ ಕೂರುತ್ತಿದ್ದಳು. ಹುಡುಗರು ಬೆವರುತ್ತಿದ್ದರು, ತೊದಲುತ್ತಿದ್ದರು. ಕೊನೆಗೆ ಹೇಗೋ ಮಾತು ಕೂಡಿಸಿಕೊಂಡು, ನಿಮ್ಮ ಜೊತೆ ನಾವಿದ್ದೇವೆ ಅಮ್ಮಾ ಎಂದು ಅವಳ ಕೈ ಹಿಡಿಯುತ್ತಿದ್ದರು.

ಆ ಕೈಗಳಿಗಾಗಿಯೇ ಅವಳು ಹೋಗುತ್ತಿದ್ದಳು ಎಂದರೂ ತಪ್ಪಿಲ್ಲ. ಕುರುಗೋಡಿನಲ್ಲಿ ಅವಳನ್ನು ಮುಟ್ಟುವವರು ಯಾರಿದ್ದರು? ಬಳೆಗಾರ ಹೊನ್ನೂರಸಾಬ್ ವರ್ಷಕ್ಕೊಮ್ಮೆ ಬಳೆ ತೊಡಿಸುವಾಗ ಕೈ ಒತ್ತುತ್ತಿದ್ದ, ಅಷ್ಟೆ. ಗಂಡ ಅನ್ನಿಸಿಕೊಂಡವನು ಕಂಪನಿಯ ಹಾರ್ಮೋನಿಯಂ ಮಾಸ್ತರ. ಅವನು ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಸಿರುಗುಪ್ಪದಲ್ಲಿ ಒಡಹುಟ್ಟಿದ ಅಕ್ಕ ಹೊನ್ನೂರಮ್ಮ ಇದ್ದಳು. ಆದರೆ ತಂಗಿ ನಾಟಕದವರ ಹಿಂದೆ ಓಡಿಹೋದದ್ದನ್ನು ಅಕ್ಕ ಮರೆತಿರಲಿಲ್ಲ. ಅಪ್ಪ ಸತ್ತ ಸುದ್ದಿ ಮುಟ್ಟಿದಾಗ ಸುಂಕಲಮ್ಮ ಬಣ್ಣ ಹಚ್ಚಿಕೊಂಡು ಕೂತಿದ್ದಳು. ಆಟ ಮುಗಿಸಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಕಿವಿಯ ಹಿಂದೆ ಉಳಿದಿದ್ದ ಬಣ್ಣವನ್ನು ಅಕ್ಕ ನೋಡಿದಳು. ಅಂದಿನಿಂದ ಅವರ ನಡುವೆ ಮಾತು ನಿಂತೇ ಹೋಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಗಟ್ಟಿಯಾದದ್ದೊಂದು ಅವಳ ಬೆರಳಿಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ ಗಂಟೇ ಹೆದರಬೇಕಾದದ್ದು ಎಂಬುದನ್ನು ಈರಮ್ಮನ ಪಾತ್ರ ಅವಳಿಗೆ ಕಲಿಸಿತ್ತು. ನೀರು ಆರುವವರೆಗೂ ಅವಳು ಬಚ್ಚಲಲ್ಲೇ ಕೂತಳು.

ಕಾಲೇಜಿನ ದವಾಖಾನೆಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಅಲ್ಲಿನ ಹುಡುಗರು ಅವಳನ್ನು ಕಂಡರೆ ಈರಮ್ಮಾ ಎಂದೇ ಕೂಗುತ್ತಿದ್ದರು. ಅವರ ಮುಂದೆ ರವಿಕೆ ಬಿಚ್ಚುವುದು ಹೇಗೆ? ಬಳ್ಳಾರಿಯದೇ ಒಂದು ಸಣ್ಣ ಖಾಸಗಿ ದವಾಖಾನೆಗೆ ಹೋದಳು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆಂದು ಮತ್ತೆ ಹೋದಾಗ ಡಾಕ್ಟರು ಕಾಗದ ನೋಡಿ, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲವೆಂದಳು. ಮನೆಯವರನ್ನು ಕರೆದುಕೊಂಡು ಬನ್ನಿ, ಅವರ ಹತ್ತಿರ ಮಾತಾಡಬೇಕು ಎಂದರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಹೊರಗೆ ಜನ ತುಂಬಿದ್ದರು. ಅವಳು ಎದ್ದು ಹೊರಬಂದಳು.

ಕಾರಿಡಾರಿನಲ್ಲಿ ನರ್ಸ್ ಒಬ್ಬಳು ಫೈಲು ಅವಳ ಕೈಗಿಟ್ಟಳು. "ಆ ಗಂಟು ಚಲೋದಲ್ಲಂತಮ್ಮ. ಲಗೂನ ಆಪರೇಶನ್ ಮಾಡಿಸ್ಕೋಬೇಕು" ಎಂದು, ಮುಂದಿನವರ ಹೆಸರು ಕೂಗಲು ಹೋದಳು. ಪಾಪ, ಕೆಟ್ಟವಳೇನಲ್ಲ.

ಸುಂಕಲಮ್ಮನಿಗೆ ಅಳು ಬರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತೆಗೆದುಕೊಂಡು ಕೂತಳು, ಹಸಿವಿತ್ತು, ಪೂರ್ತಿ ತಿಂದಳು. ಊರಿನ ಬಸ್ಸು ಕೋಳೂರು ದಾಟಿದ ಮೇಲೆ ಮೆಣಸಿನ ಹೊಲಗಳು ಕೆಂಪಾಗುತ್ತಿರುವುದು ಕಿಟಕಿಯಿಂದ ಕಾಣಿಸಿತು. ಸುದ್ದಿಯನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನಿದ್ದೆ ಹೋಗಿದ್ದಳು.

ಆ ವಾರವೇ ಕಾಲೇಜಿನಲ್ಲಿ ತರಗತಿಯಿತ್ತು. ಬರುವುದಿಲ್ಲ ಎನ್ನಬಹುದಾಗಿತ್ತು. ಆದರೆ ಮನೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ಅದೇ ವಾಸಿ ಎಂದು ಬಸ್ಸು ಹತ್ತಿದಳು.

ಅಂದು ಎದುರಿಗೆ ಬಂದು ಕುಳಿತವಳು ಶಬನಂ. ಸಿರುಗುಪ್ಪದ ಹುಡುಗಿ, ತಂದೆ ಗೋಣಿಚೀಲದ ವ್ಯಾಪಾರಿ. ಮೆತ್ತಗಿನ ದನಿ, ಮಾತಾಡುವಾಗ ಕುತ್ತಿಗೆ ಸ್ವಲ್ಪ ಮುಂದೆ ಬಾಗುತ್ತಿತ್ತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಕಲಿಸಿದ್ದಂತೆಯೇ, ನಿಮಗೆ ಇಲ್ಲಿಯವರೆಗೆ ಏನು ಗೊತ್ತಿದೆ ಎಂದು ಕೇಳಿದಳು. ಈರಮ್ಮ ಹೇಳಬೇಕಾದ ಮಾತು ಸುಂಕಲಮ್ಮನಿಗೆ ಬಾಯಿಪಾಠವಾಗಿತ್ತು. ಹೊಲದಲ್ಲಿ ಕಳೆ ಕೀಳುವಾಗ ಗಂಟು ಸಿಕ್ಕಿತು, ಮಗ ಕರೆದುಕೊಂಡು ಬಂದ. ಆ ಮಾತು ಬರಲಿಲ್ಲ.

"ಜಳಕ ಮಾಡುವಾಗ ಸಿಕ್ತು" ಎಂದಳು. "ಸೂಜಿ ಹಾಕಿದ್ರು. ಮನಿಯವರನ್ನ ಕರಕೊಂಡು ಬಾ ಅಂದ್ರು. ಮನಿಯಾಗ ಯಾರೂ ಇಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಪಾತ್ರದ ವಿವರವಿದ್ದ ಪುಟ ತಿರುಗಿಸಿ ನೋಡಿದರು. ಪಾತ್ರದಲ್ಲಿ ಮಗ ಇದ್ದಾನಲ್ಲ ಎಂದು ಪಿಸುಗುಟ್ಟಿದರು. ಚಿದಾನಂದಪ್ಪನವರು ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಹೊಸದಾಗಿ ಏನೋ ಕಟ್ಟುತ್ತಿದ್ದಾಳೆ ಎಂದು ಅವರು ತಿಳಿದಿದ್ದರು. ಶಬನಂ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದುನಿಂತು, ಸರ್, ನನಗೆ ಮುಂದುವರಿಸಲು ಆಗುತ್ತಿಲ್ಲ, ಐದು ನಿಮಿಷ ಬಿಡುವು ಬೇಕು ಎಂದಳು. ಹುಡುಗರು ನಕ್ಕರು. ಹೆದರಿದಳು ಎಂದುಕೊಂಡರು. ಶಬನಂ ಅವರನ್ನು ತಿದ್ದಲು ಹೋಗದೆ, ಸುಂಕಲಮ್ಮನನ್ನು ನೀರು ಕುಡಿಯೋಣವೆಂದು ಹೊರಗೆ ಕರೆದೊಯ್ದಳು.

ವರಾಂಡದ ತುದಿಯಲ್ಲಿ ಬೇವಿನ ಮರದ ನೆರಳಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತರು.

"ಅಮ್ಮಾ, ಒಳಗ ಎಲ್ಲಾರ ಮುಂದ ಕೇಳಬಾರ್ದು ಅಂತ ಇಲ್ಲಿ ಕರಕೊಂಡು ಬಂದೆ" ಎಂದಳು ಶಬನಂ. "ಈಗ ಹೇಳಿದ್ದು ಈರಮ್ಮಂದಾ, ನಿಮ್ದಾ?"

ಸುಂಕಲಮ್ಮ ಚೀಲದಿಂದ ಫೈಲು ತೆಗೆದು ಕೊಟ್ಟಳು. ಶಬನಂ ಓದಿದಳು. ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಒಳಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಅವಳು ಈಗ ಹೇಳಿದಳು. ಆದರೆ ಕಲಿತ ಮಾತುಗಳಂತೆ ಅವು ಕೇಳಿಸಲಿಲ್ಲ, ನಡುನಡುವೆ ತಪ್ಪುತ್ತಿದ್ದವು. ಇದು ಕ್ಯಾನ್ಸರೇ ಎಂದಳು. ಎಷ್ಟು ಹರಡಿದೆ ಎಂದು ತನಗೆ ಹೇಳಲು ಬರುವುದಿಲ್ಲ, ತಾನಿನ್ನೂ ಡಾಕ್ಟರಲ್ಲ ಎಂದಳು. ಚಿಕಿತ್ಸೆ ಇದೆ ಎಂದಳು. ಸುಂಕಲಮ್ಮನಿಗೆ ಆಗ ಅಳು ಬಂತು. ಸ್ಟೇಜಿನ ಮೇಲೆ ಅವಳು ಎಷ್ಟೋ ಊರುಗಳಲ್ಲಿ ಚೆಂದವಾಗಿ ಅತ್ತಿದ್ದಳು. ಈ ಅಳು ಚೆಂದವಿರಲಿಲ್ಲ. ಮೂಗು ಸುರಿಯಿತು, ಬಿಕ್ಕಳಿಕೆ ಹತ್ತಿತು.

"ಸರ್‌ಗೆ ಹೇಳೋಣೇನು?" ಎಂದು ಶಬನಂ ಕೇಳಿದಳು. "ನೀವು ಹೂಂ ಅಂದ್ರಷ್ಟ. ಬ್ಯಾಡ ಅಂದ್ರ ನಾನು ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಸುಂಕಲಮ್ಮ ಮೊದಲು ಬೇಡವೆಂದಳು. ಮುಖ ಒರೆಸಿಕೊಂಡ ಮೇಲೆ, ಹೇಳು ಎಂದಳು.

ಚಿದಾನಂದಪ್ಪನವರು ಎಲ್ಲ ವ್ಯವಸ್ಥೆಯನ್ನೂ ತಾವೇ ನಿಂತು ಮಾಡಿಸಿದರು. ಆಪರೇಶನ್ನಿಗೆ ದಿನ ಗೊತ್ತಾಯಿತು. ಅವಳನ್ನು ತಮ್ಮ ಕೋಣೆಗೆ ಕರೆಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿ, ಇನ್ನು ಮುಂದೆ ಈರಮ್ಮನ ಪಾತ್ರ ಬೇಡ ಎಂದರು. ಅವಳಿಗೆ ಆಪರೇಶನ್ ಎಂದಾಗ ಆಗದ ಗಾಬರಿ ಆಗ ಆಯಿತು.

"ಸರ, ಅದೊಂದು ತೆಗೀಬ್ಯಾಡ್ರಿ. ನನಗ ಅದ್ರಾಗೇನೂ ತ್ರಾಸಿಲ್ಲ."

"ನನಗ ತ್ರಾಸೈತಿ, ಸುಂಕಲಮ್ಮಾರ" ಎಂದರು ಅವರು. "ನೀವು ಅವತ್ತು ಅಲ್ಲಿ ಕೂತು ಖರೇನ ಹೇಳಾಕ ಹತ್ತಿದ್ರಿ. ನಾನು ಪಾತ್ರ ಚಲೋ ಕಟ್ಯಾರ ಅಂತ ನೋಡಕೋಂತ ಕೂತಿದ್ದೆ. ಇನ್ನೊಮ್ಮೆ ಹಂಗ ಕೂಡಾಕ ನನ್ನ ಕಡಿಂದ ಆಗಂಗಿಲ್ಲ. ನಿಜವಾದ ರೋಗಿನ್ನ ಅಲ್ಲಿ ಕುಂದ್ರಿಸಿ ಪಾಠ ಮಾಡೋದು ಸರಿಯಲ್ಲ."

ಅವರು ಹೇಳಿದ್ದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಹುಷಾರಾದ ಮೇಲೆ ಬೇರೆ ಪಾತ್ರ ಕೊಡುತ್ತೇನೆ, ಹೊಟ್ಟೆನೋವಿನದೋ ಮಂಡಿನೋವಿನದೋ, ಎಂದು ಅವರು ಹೇಳುತ್ತಲೇ ಇದ್ದರು. ಅವಳು ತಲೆ ಆಡಿಸಿದಳು. ಮಂಡಿನೋವಿನವಳ ಕೈಯನ್ನು ಯಾರೂ ಹಿಡಿಯುವುದಿಲ್ಲ ಎಂಬುದನ್ನು ಅವರಿಗೆ ಹೇಗೆ ಹೇಳುವುದು?

ಆಪರೇಶನ್ ಆಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ವಾರ್ಡಿನಲ್ಲಿ ಬೆಳಗಿನ ರೌಂಡ್ಸಿಗೆ ಪ್ರೊಫೆಸರರ ಹಿಂದೆ ವಿದ್ಯಾರ್ಥಿಗಳ ಗುಂಪು ಬಂತು. ಗಾಯ ನೋಡಬಹುದೇ ಎಂದು ಕೇಳಿ, ಪರದೆ ಎಳೆದು, ನೋಡಿದರು. ಎಲ್ಲವೂ ಕ್ರಮದಂತೆಯೇ ನಡೆಯಿತು. ಆ ಗುಂಪಿನಲ್ಲಿ ಅವಳ ಕೈ ಹಿಡಿದು ನಾವಿದ್ದೇವೆ ಎಂದಿದ್ದ ಹುಡುಗರೂ ಇದ್ದರು. ಅವಳು ನಕ್ಕಳು. ಅವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಒಬ್ಬ ಗ್ಲೂಕೋಸ್ ಬಾಟಲಿ ನೋಡಿದ, ಇನ್ನೊಬ್ಬ ತನ್ನ ಬೂಟು ನೋಡಿಕೊಂಡ. ಗುಂಪು ಮುಂದಿನ ಹಾಸಿಗೆಗೆ ಹೋಯಿತು. ಮಧ್ಯಾಹ್ನ ಶಬನಂ ಒಬ್ಬಳೇ ಬಂದು ಸ್ಟೂಲಿನ ಮೇಲೆ ಕೂತಳು. ಪರೀಕ್ಷೆ ಹತ್ತಿರ ಬಂದಿತ್ತು, ಕಣ್ಣು ಕೆಂಪಾಗಿದ್ದವು. ಸಿರುಗುಪ್ಪದ ಅಕ್ಕನ ವಿಷಯವನ್ನು ಸುಂಕಲಮ್ಮ ಅವಳಿಗೆ ಹೇಳಿದ್ದಳು. ಊರಿಗೆ ಹೋದರೆ ನಿಮ್ಮ ಅಕ್ಕನಿಗೆ ಹೇಳಿ ಬರಲೇ ಎಂದು ಕೇಳಿದಳು. ಬೇಡ, ಅದನ್ನು ನಾನೇ ಹೇಳಬೇಕು ಎಂದಳು ಸುಂಕಲಮ್ಮ.

ಹೊಲಿಗೆ ಬಿಚ್ಚಿದ ಮೇಲೆ, ಕೀಮೋ ಔಷಧಿ ಏರಿಸುವುದು ಶುರುವಾಗುವ ಮುಂಚೆ, ಅವಳು ಸಿರುಗುಪ್ಪಕ್ಕೆ ಹೋದಳು. ಭತ್ತದ ಸುಗ್ಗಿ. ರೈಸ್ ಮಿಲ್ಲುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಗಾಳಿಯಲ್ಲೆಲ್ಲ ಹೊಟ್ಟಿನ ಧೂಳು. ಹೊನ್ನೂರಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಿ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸುಂಕಲಮ್ಮ ತಾನೇ ಹೋಗಿ ಕಂಬಕ್ಕೆ ಒರಗಿ ಕೂತಳು. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು.

"ಅಕ್ಕಾ, ಒಂದು ಮಾತು ಹೇಳಾಕ ಬಂದೀನಿ. ಚಲೋ ಮಾತಲ್ಲ" ಎಂದಳು ಸುಂಕಲಮ್ಮ. "ನನಗ ಕ್ಯಾನ್ಸರ್ ಆಗೈತಿ. ಆಪರೇಶನ್ ಮಾಡ್ಯಾರ."

ಹೊನ್ನೂರಮ್ಮನ ಕೈಯಲ್ಲಿದ್ದ ಮೊರ ಒಂದು ಸಲ ನಿಂತು ಮತ್ತೆ ಆಡತೊಡಗಿತು.

"ನಾಟಕ ಮಾಡಬ್ಯಾಡಲೇ ಸುಂಕಿ" ಎಂದಳು. "ನಿನ್ನ ಅಳು ಊರೂರು ನೋಡ್ಯಾವ."

ಸುಂಕಲಮ್ಮ ಅಳುತ್ತಿರಲಿಲ್ಲ. ಸೆರಗು ಸರಿಸಿದಳು, ರವಿಕೆಯ ಗುಂಡಿ ಬಿಚ್ಚಿದಳು. ಎದೆಯ ಎಡಭಾಗ ಚಪ್ಪಟೆಯಾಗಿತ್ತು. ಕಂಕುಳದವರೆಗೆ ಕೆಂಪು ಗೆರೆ ಓಡಿತ್ತು.

ಹೊನ್ನೂರಮ್ಮ ಮೊರ ಕೆಳಗಿಟ್ಟಳು. ಹತ್ತಿರ ಸರಿದಳು. ಚಿಕ್ಕಂದಿನಲ್ಲಿ ಹಳ್ಳದಲ್ಲಿ ತಂಗಿಯ ಬೆನ್ನು ಉಜ್ಜುತ್ತಿದ್ದ ಕೈ ಅದು, ಈಗ ಗಂಟುಗಂಟಾಗಿತ್ತು. ಗಾಯದ ಹತ್ತಿರಕ್ಕೆ ಹೋದ ಕೈ ಮುಟ್ಟಲಾರದೆ ಗಾಳಿಯಲ್ಲೇ ನಿಂತಿತು. ಒಳಗಿನಿಂದ ಸೊಸೆಯ ಹೆಜ್ಜೆ ಸಪ್ಪಳ ಕೇಳಿ ಅಕ್ಕನೇ ಗಡಿಬಿಡಿಯಿಂದ ಸೆರಗು ಎಳೆದು ತಂಗಿಯ ಮೈ ಮುಚ್ಚಿದಳು.

"ನೋಯ್ತೈತೇನು?" ಎಂದು ಕೇಳಿದಳು.

"ಸಂಜಿ ಮುಂದ ನೋಯ್ತೈತಿ."

ಉಳಿದುಕೋ ಎಂದು ಅಕ್ಕ ಕರೆಯಲಿಲ್ಲ. ಬಳ್ಳಾರಿಗೆ ಜೊತೆಗೆ ಬರುತ್ತೇನೆ ಎನ್ನಲೂ ಇಲ್ಲ. ಅವಳ ಗಂಡ ಪಾರ್ಶ್ವವಾಯು ಹೊಡೆದು ಒಳಕೋಣೆಯಲ್ಲಿ ಮಲಗಿದ್ದ, ಬರಲು ಆಗುವಂತೆಯೂ ಇರಲಿಲ್ಲ. ಬಾಗಿಲವರೆಗೆ ಬಂದು, ಬಸ್ಸಿಗೆ ಹೊತ್ತಾಯಿತು ನೋಡು ಎಂದಳು. ಸೊಸೆಯ ಕೈಯಲ್ಲಿ ತಂಗಿಯ ಫೋನ್ ನಂಬರ್ ಬರೆಸಿಟ್ಟುಕೊಂಡಳು.

ಚಳಿಗಾಲವೆಲ್ಲ ಸುಂಕಲಮ್ಮ ಔಷಧಿ ಏರಿಸಿಕೊಳ್ಳಲು ಒಬ್ಬಳೇ ಬಳ್ಳಾರಿಗೆ ಹೋಗಿ ಬಂದಳು. ಕೂದಲು ಉದುರಿತು. ವಾಂತಿಯಾಗುತ್ತದೆಂದು ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತಿದ್ದಳು. ಬೇಸಿಗೆಯ ಹೊತ್ತಿಗೆ, ಸದ್ಯಕ್ಕೆ ಸಾಕು, ಕೆಲವು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಶಬನಂ ಮುಂದಿನ ವರ್ಷದ ಓದಿಗೆ ಹೋಗಿದ್ದಳು. ಕಾಲೇಜಿನಲ್ಲಿ ಈರಮ್ಮನ ಪಾತ್ರಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆಂದು ಚಿದಾನಂದಪ್ಪನವರು ತಿಳಿಸಿದರು. ಮಂಡಿನೋವಿನ ಪಾತ್ರಕ್ಕೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದಳು.

ಕೆಲವು ಸಂಜೆ ಸಿರುಗುಪ್ಪದಿಂದ ಫೋನ್ ಬರುತ್ತಿತ್ತು. ಉಂಡೆಯಾ ಎಂದು ಹೊನ್ನೂರಮ್ಮ ಕೇಳುತ್ತಿದ್ದಳು. ಉಂಡೆ ಎನ್ನುತ್ತಿದ್ದಳು ಸುಂಕಲಮ್ಮ. ಆಮೇಲೆ ಸ್ವಲ್ಪ ಹೊತ್ತು ಅತ್ತ ಕಡೆಯಿಂದ ಮಿಲ್ಲಿನ ಸದ್ದು ಮಾತ್ರ ಕೇಳಿಸುತ್ತಿತ್ತು, ಇಬ್ಬರೂ ಫೋನ್ ಇಡುತ್ತಿರಲಿಲ್ಲ.